ಅರಿಶಿನ-ಕುಂಕುಮಕ್ಕೆ ಕೊಟ್ಟ ಕಾಂಟೆಸ್ಸಾ

ಶಿಕಾರಿಪುರ
ಸೋಮವಾರ, 12 ಜನವರಿ 2026

ಪ್ರೀತಿಯ ಅಣ್ಣಾ,

‘ಪ್ರೀತಿಯ’ ಎಂದು ಬರೆದದ್ದು ಕಾಗದದ ರೂಢಿಗೆ, ‘ಅಣ್ಣಾ’ ಎಂದು ಬರೆದದ್ದು ಹುಟ್ಟಿನ ರೂಢಿಗೆ. ಎರಡರಲ್ಲಿ ಯಾವುದನ್ನೂ ನಾನು ಆರಿಸಿಕೊಂಡದ್ದಲ್ಲ. ಬಲ ಮೊಣಕಾಲಿನ ಆಪರೇಷನ್ ಚೆನ್ನಾಗಿ ಆಯಿತೆಂದೂ, ದಾವಣಗೆರೆಯಲ್ಲಿ ನಿನ್ನ ಮಗಳು ಅಶ್ವಿನಿಯ ಮನೆಯಲ್ಲಿ ವಾಕರ್ ಹಿಡಿದು ಹಾಲಿನಿಂದ ಅಡಿಗೆಮನೆಯವರೆಗೆ ನಡೆಯುತ್ತಿದ್ದೀಯೆಂದೂ ಅತ್ತಿಗೆ ಸೊರಬದಿಂದ ಫೋನ್ ಮಾಡಿ ಹೇಳಿದರು. ಸಂತೋಷ. ಇನ್ನೊಂದು ತಿಂಗಳಲ್ಲಿ ಮೆಟ್ಟಿಲು ಹತ್ತಬಹುದಂತೆ. ನೀನು ಬೇಗ ಹತ್ತುವಂತಾಗಲಿ ಎಂದೇ ನನ್ನ ಆಸೆಯೂ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಫೋನಿನಲ್ಲಿ ಮುಗಿಸುವ ಮಾತಿಗೆ ಕಾಗದ ಯಾಕೆ ಅನ್ನಬೇಡ. ಮೂರು ಸಲ ಫೋನ್ ಮಾಡಿದೆ. ಎರಡು ಸಲ ನೀನು ಎತ್ತಲಿಲ್ಲ. ಮೂರನೇ ಸಲ ಎತ್ತಿ, ‘ಸಿಗ್ನಲ್ ಇಲ್ಲ, ಏನೂ ಕೇಳಸ್ತಿಲ್ಲ’ ಎಂದು ಬಹಳ ಸ್ಪಷ್ಟವಾಗಿ ಹೇಳಿ ಇಟ್ಟೆ. ಕಾಗದಕ್ಕೆ ಸಿಗ್ನಲ್ ಬೇಡ.

ಮೊದಲು ಲೆಕ್ಕ. ಅಪ್ಪನ ಹಳೆಯ ಕಾಂಟೆಸ್ಸಾ ಕಾರನ್ನು ನಾನು ಎಬ್ಬಿಸಿ ನಿಲ್ಲಿಸಿದ್ದಕ್ಕೆ ಆದ ಒಟ್ಟು ಖರ್ಚು ಐದು ಲಕ್ಷ ನಲವತ್ತಾರು ಸಾವಿರದ ಏಳುನೂರು ರೂಪಾಯಿ. ಕುಪ್ಪಗಡ್ಡೆಯ ಕೊಟ್ಟಿಗೆಯಿಂದ ಎತ್ತಿ ಲಾರಿಗೆ ಹಾಕಿ ಶಿಕಾರಿಪುರದ ನನ್ನ ಹಿಟ್ಟಿನ ಗಿರಣಿಯ ಹಿತ್ತಲಿಗೆ ಇಳಿಸಿದ್ದಕ್ಕೆ ಆರೂವರೆ ಸಾವಿರ. ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆದದ್ದಕ್ಕೆ ಒಂದು ಲಕ್ಷ ಹದಿನೆಂಟು ಸಾವಿರ. ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಪಿಸ್ಟನ್ ಸೆಟ್ ಕೂರಿಸಿದ್ದಕ್ಕೆ ತೊಂಬತ್ತಾರು ಸಾವಿರದ ನಾನೂರು. ಗೇರ್‌ಬಾಕ್ಸು, ಕ್ಲಚ್ಚು ಮೂವತ್ತೊಂದು ಸಾವಿರದ ಇನ್ನೂರು. ಬುಷ್ಷು, ಶಾಕು, ಬ್ರೇಕು ಎಲ್ಲ ಸೇರಿ ಮೂವತ್ತೆಂಟು ಸಾವಿರ. ನಿನ್ನ ಒಂದು ಮೊಣಕಾಲಿಗೆ ಎರಡು ಲಕ್ಷ ಹತ್ತು ಸಾವಿರ ಆಯಿತಂತೆ, ಕಾರಿನ ನಾಲ್ಕು ಕಾಲಿಗೂ ಸೇರಿ ಈ ಮೂವತ್ತೆಂಟೇ, ಹಾಗಾಗಿ ಅಲ್ಲಿ ನನಗೆ ನಷ್ಟವಿಲ್ಲ. ಬಣ್ಣಕ್ಕೆ ಎಂಬತ್ತೈದು ಸಾವಿರ. ವೈರಿಂಗು, ಸೀಟು, ಟೈರು, ಗಾಜು, ಬಾಗಿಲ ರಬ್ಬರು ಒಂದು ಲಕ್ಷ ಹನ್ನೊಂದು ಸಾವಿರದ ಆರುನೂರು. ಮೇಸ್ತ್ರಿ ಮಾಸ್ತಪ್ಪನ ಕೂಲಿ ಅರವತ್ತು ಸಾವಿರ. ಕೂಡಿ ನೋಡು, ತಪ್ಪಿದ್ದರೆ ಹೇಳು. ನನ್ನ ಕೂಲಿ ಹಾಕಿಲ್ಲ. ಎರಡು ವರ್ಷ ಎಂಟು ತಿಂಗಳಿನ ಪ್ರತಿ ಸೋಮವಾರ, ಗಿರಣಿಗೆ ರಜೆಯಿರುವ ದಿನ, ನಾನು ಆ ಕಾರಿನ ಕೆಳಗೆ ಮಲಗಿದ್ದೆ. ಅದಕ್ಕೆ ಯಾವ ದರ ಹಾಕಬೇಕೆಂದು ನನಗೇ ಗೊತ್ತಿಲ್ಲ.

ನಿನಗೆ ಅದು ಹಳೆ ಕಬ್ಬಿಣ, ಆದ್ದರಿಂದ ಅದು ಏನಾಗಿತ್ತು ಅಂತ ನೆನಪಿಸುತ್ತೇನೆ. 1993ರಲ್ಲಿ ಅಪ್ಪ ಅದನ್ನು ಹುಬ್ಬಳ್ಳಿಯಿಂದ ತಂದಾಗ ಶಿಕಾರಿಪುರದಲ್ಲಿ ಉಳಿದವರ ಹತ್ತಿರ ಅಂಬಾಸಿಡರ್ ಇದ್ದವು, ಫಿಯೆಟ್ ಇದ್ದವು. ಐದು ಗೇರಿನ ಕಾರು ಯಾರ ಹತ್ತಿರವೂ ಇರಲಿಲ್ಲ. ಅಕ್ಕಿ ಗಿರಣಿಯ ನಾಗರಾಜಪ್ಪ ಎಂದರೆ ಹಳೆ ಗೋಣಿಚೀಲದ ಹೊಲಿಗೆ ಬಿಚ್ಚಿ ದಾರ ಸುತ್ತಿಡುವ ಜಿಪುಣ ಅಂತ ಊರಿಗೆಲ್ಲ ಗೊತ್ತಿತ್ತು. ವೇಗದ ವಿಷಯದಲ್ಲಿ ಮಾತ್ರ ಅವರು ದುಂದು. ಲೀಟರಿಗೆ ಎಂಟು ಕಿಲೋಮೀಟರ್ ಕೊಡುವ ಕಾರಿನಲ್ಲಿ ಶಿವಮೊಗ್ಗಕ್ಕೆ ನಲವತ್ತು ನಿಮಿಷದಲ್ಲಿ ಹೋಗಿ, ಉಳಿಸಿದ ಇಪ್ಪತ್ತು ನಿಮಿಷವನ್ನು ಮಂಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತು ಕಳೆಯುತ್ತಿದ್ದರು. ನಿನಗೆ ಹೈವೇಯಲ್ಲಿ ಕಲಿಸಿದರು. ನನಗೆ ಗಿರಣಿಯ ಭತ್ತ ಒಣಗಿಸುವ ಕಣದಲ್ಲಿ, ಅದೂ ಹಿಂದಕ್ಕೆ ತೆಗೆಯುವುದನ್ನಷ್ಟೇ. ‘ಹೆಣ್ಮಗಳು ರಿವರ್ಸ್ ಕಲತ್ರೆ ಸಾಕು, ಮುಂದಕ್ಕೆ ಗಂಡ ಕರ್ಕೊಂಡ್ ಹೋಗ್ತಾನೆ’ ಅಂದಿದ್ದರು. ಗಂಡ ಏಳು ವರ್ಷ ಮುಂದಕ್ಕೆ ಕರೆದುಕೊಂಡು ಹೋಗಿ, 2003ರಲ್ಲಿ ತಾವೊಬ್ಬರೇ ಹೋದರು. ಮರುವರ್ಷ ಐದು ಎಚ್‌ಪಿ ಮೋಟಾರಿನ ಹಿಟ್ಟಿನ ಗಿರಣಿ ಹಾಕಿದೆ. ಆಗ ನೀನು ಒಂದು ರೂಪಾಯಿ ಕೊಡಲಿಲ್ಲ, ‘ಹೆಂಗಸ್ರು ಬೆಲ್ಟಿನ ಹತ್ರ ಸೆರಗು ಬಿಟ್ಕೊಂಡು ನಿಂತ್ರೆ ಒಂದಿನ ಎಳ್ಕೊಳ್ತದೆ’ ಎಂಬ ಎಚ್ಚರಿಕೆ ಕೊಟ್ಟೆ. ಸೆರಗು ಸಿಕ್ಕಿಸಿಕೊಂಡು ನಿಂತೆ. ಈಗ ಎರಡು ಹಿಟ್ಟಿನ ಗಿರಣಿ, ಒಂದು ಖಾರ ಕುಟ್ಟುವ ಮೆಷಿನ್ನು ನನ್ನವು.

ಕಾರಿನ ಕಥೆಗೆ ಬರುತ್ತೇನೆ. ಅಪ್ಪ ಬದುಕಿದ್ದಾಗಲೇ ನೀನು ಅದನ್ನು ನಿನ್ನ ಹೆಸರಿಗೆ ಮಾಡಿಸಿಕೊಂಡೆ. ಅವರು ಹೋದದ್ದು 2009ರಲ್ಲಿ. ಹನ್ನೊಂದನೇ ದಿನದ ಊಟದ ಎಲೆ ತೆಗೆಯುವ ಮೊದಲೇ ಅದನ್ನು ಅತ್ತಿಗೆಯ ತವರಾದ ಕುಪ್ಪಗಡ್ಡೆಗೆ ಓಡಿಸಿಕೊಂಡು ಹೋದೆ. ಮಾರಿದರೆ ಅಪ್ಪನ ಕಾರು ಮಾರಿದ ಅಂತ ಜನ ಅಂದಾರು, ಓಡಿಸಿದರೆ ಪೆಟ್ರೋಲ್ ಖರ್ಚು, ಹಾಗಾಗಿ ಕೊಟ್ಟಿಗೆಯಲ್ಲಿ ನಿಲ್ಲಿಸಿ ಹದಿನಾಲ್ಕು ವರ್ಷ ಮರೆತೆ. ಅದು ಒಂದೇ ದಿನಕ್ಕೆ ಸಾಯಲಿ ಎಂದು ಬಿಟ್ಟಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ. ಡಿಕ್ಕಿಯಲ್ಲಿ ಬೆರಣಿ ತುಂಬಿದ್ದರು, ಹಿಂದಿನ ಸೀಟಿನಲ್ಲಿ ಹೊಟ್ಟಿನ ಚೀಲ. ಹೆಡ್‌ಲೈಟಿನ ಹಿಂದೆ ಕಣಜದ ಗೂಡು. ಎಮ್ಮೆ ಕಟ್ಟುವ ಹಗ್ಗ ಬಂಪರಿಗೆ. ಎಮ್ಮೆಯ ಗಂಜಲ ಹದಿನಾಲ್ಕು ವರ್ಷ ಬಿದ್ದೂ ಬಿದ್ದೂ ಎಡಗಡೆಯ ಬಾಗಿಲ ಕೆಳಗಿನ ತಗಡು ಹಪ್ಪಳದಂತಾಗಿತ್ತು. ನಾನು ಹೆಬ್ಬೆರಳಿನಿಂದ ಒತ್ತಿದೆ, ಬೆರಳು ಒಳಗೆ ಹೋಯಿತು.

2023ರ ಮಾರ್ಚ್‌ನಲ್ಲಿ ನೀನು ಸೊರಬದ ಮನೆಗೆ ಮಹಡಿ ಎಬ್ಬಿಸಿ ಗೃಹಪ್ರವೇಶ ಮಾಡಿದೆಯಲ್ಲ, ಅಪ್ಪನ ಅಕ್ಕಿ ಗಿರಣಿ ಮಾರಿದ ದುಡ್ಡು ಗೋಡೆಯಾಗಿ ನಿಂತ ಆ ಮನೆಗೆ, ಅಂದು ಪಂಕ್ತಿಯಲ್ಲಿ ಹತ್ತು ಜನರ ಎದುರಿಗೆ ನಾನು ಕೇಳಿದೆ, ಆ ಕಾರನ್ನಾದರೂ ನನಗೆ ಕೊಡು ಅಂತ. ನೀನು ಹೋಳಿಗೆ ಮುರಿಯುತ್ತಾ ನಕ್ಕೆ. ‘ತಗೊಂಡ್ ಹೋಗವ್ವಾ ರಾಜಿ, ಅರಿಶಿನ-ಕುಂಕುಮಕ್ಕೆ ಅಂತ ಕೊಟ್ಟೀನಿ’ ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದಿನ ವಾರ ಲಾರಿ ತಗೊಂಡು ಕುಪ್ಪಗಡ್ಡೆಗೆ ಬಂದಾಗ ನೀನು ಅಲ್ಲಿದ್ದೆ, ಅತ್ತಿಗೆಯೂ ಇದ್ದರು. ಕಾರಿನ ಬಾನೆಟ್ ಮೇಲೆ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಎಲೆ-ಅಡಿಕೆ, ಅಕ್ಕಿ, ಅರಿಶಿನ, ಕುಂಕುಮ. ನೀನು ನನ್ನ ಉಡಿ ತುಂಬಿಸಿದೆ. ಅತ್ತಿಗೆ ಕುಂಕುಮದ ಬಟ್ಟಲಿಗೆ ಬೆರಳಿಟ್ಟು, ನನ್ನ ಹಣೆಯ ಹತ್ತಿರ ತಂದು ನಿಲ್ಲಿಸಿಬಿಟ್ಟರು. ಗಂಡ ಸತ್ತವಳಿಗೆ ಇಡುವುದೋ ಬೇಡವೋ ಎಂದು. ನೀನು, ‘ಇಡೇ ಜಗದಾಂಬಾ, ನನ್ನ ತಂಗಿ ಅವ್ಳು’ ಅಂದೆ. ಇಪ್ಪತ್ತು ವರ್ಷದಲ್ಲಿ ಯಾವ ಮದುವೆ, ಯಾವ ಹಬ್ಬ, ಯಾವ ಸೀಮಂತದಲ್ಲೂ ಕುಂಕುಮದ ಬಟ್ಟಲು ನನ್ನ ಮುಂದೆ ನಿಂತಿರಲಿಲ್ಲ, ಪಕ್ಕದವಳಿಂದ ಪಕ್ಕದವಳಿಗೆ ದಾಟಿ ಹೋಗುತ್ತಿತ್ತು. ಅಂದು ನಿಂತಿತು. ನಾನು ಆ ಎಮ್ಮೆಗಳ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಕೊಟ್ಟಿಗೆಯ ಬಾಗಿಲಲ್ಲಿ ನಿನ್ನ ಭಾಮೈದ ಫೋನ್ ಹಿಡಿದು ಫೋಟೋ ತೆಗೆಯುತ್ತಿದ್ದದ್ದು ಕಂಡಿತ್ತು. ನೆನಪಿಗೆ ಅಂದುಕೊಂಡೆ. ಸೇರಿನಲ್ಲಿ ಅರ್ಧ ಚಟಾಕು ಕಡಿಮೆಯಾದರೆ ಕಣ್ಣಲ್ಲೇ ಹಿಡಿಯುವವಳಿಗೆ ಆ ಒಂದು ದಿನ ಲೆಕ್ಕ ತಪ್ಪಿತು.

ಕಾರು ಮಾತ್ರ ನನಗೆ ಮೋಸ ಮಾಡಲಿಲ್ಲ. ಮಾಸ್ತಪ್ಪ ಗೊತ್ತಲ್ಲ, ಅಪ್ಪನ ಕಾಲದ ಮೇಸ್ತ್ರಿ, ಈಗ ಎಪ್ಪತ್ತು ದಾಟಿದೆ. ಕರೆಸಿದೆ. ಎರಡು ಸುತ್ತು ಹಾಕಿ, ಬೀಡಿ ಆರಿಸಿ, ‘ರಾಜವ್ವಾ, ಇದು ಕಾರಲ್ಲ, ಕಾರಿನ ಪಂಚಾಂಗ. ದಿನ ವಾರ ಎಲ್ಲಾ ಗೊತ್ತಾಗ್ತದೆ, ಓಡಲ್ಲ’ ಅಂದ. ಆಮೇಲೆ ಅವನೇ ಬಾನೆಟ್ ಎತ್ತಿ, ಎಂಜಿನ್ ತಿರುಗುತ್ತದೋ ನೋಡಲು ಕ್ರಾಂಕ್ ಪುಲ್ಲಿಗೆ ಪಾನಾ ಹಾಕಿ ಒತ್ತಿದ. ಅಲ್ಲಾಡಲಿಲ್ಲ. ಸಿಲಿಂಡರಿಗೆ ಎಣ್ಣೆ ಬಿಟ್ಟು ಇಪ್ಪತ್ತೆರಡು ದಿನ ಇಟ್ಟೆವು. ಪ್ರತಿ ದಿನ ಬೆಳಿಗ್ಗೆ ಗಿರಣಿ ಶುರು ಮಾಡುವ ಮೊದಲು ನಾನು ಹೋಗಿ ಒಮ್ಮೆ ಒತ್ತಿ ಬರುತ್ತಿದ್ದೆ. ಇಪ್ಪತ್ತಮೂರನೇ ದಿನ ಕೂದಲೆಳೆಯಷ್ಟು ಸರಿಯಿತು. ನಿನಗೆ ಅದರ ಸುಖ ಹೇಳಿ ಪ್ರಯೋಜನವಿಲ್ಲ, ಆದರೂ ಬರೆಯುತ್ತೇನೆ. ಬೀಸುಕಲ್ಲು ಹಿಟ್ಟು ಸುಡುತ್ತಿದೆಯೋ ಇಲ್ಲವೋ ಎಂದು ವಾಸನೆಯಲ್ಲೇ ಹೇಳುವವಳು ನಾನು, ಬೇರಿಂಗಿನ ದನಿ ಕೇಳಿ ಎಷ್ಟು ದಿನದ ಆಯಸ್ಸೆಂದು ಹೇಳುವವಳು. ಕಾರು ಅಂದರೆ ಅದೇ, ಬೆಲ್ಟು, ಬೇರಿಂಗು, ಎಣ್ಣೆ, ಬೆಂಕಿ. ಮೂರನೇ ತಿಂಗಳಿಗೆ ಕಾರ್ಬೊರೇಟರ್ ನಾನೇ ಬಿಚ್ಚಿ ತೊಳೆದು ಕೂಡಿಸಿದೆ. ಮಾಸ್ತಪ್ಪ ಎರಡನೇ ಸಲ ಬಿಚ್ಚಲಿಲ್ಲ. ಅವನ ಬಾಯಲ್ಲಿ ಹೊಗಳಿಕೆ ಅಂದರೆ ಅಷ್ಟೇ.

ಸಾಮಾನು ಸಿಗುವುದೇ ಕಷ್ಟ. ಆ ಕಾರು ತಯಾರಾಗುವುದು ನಿಂತು ಎಷ್ಟೋ ವರ್ಷ ಆಗಿದೆ. ಗೇರ್‌ಬಾಕ್ಸಿನ ಒಳಗಿನ ರಿಂಗಿಗಾಗಿ ಹುಬ್ಬಳ್ಳಿಯ ಗುಜರಿಗೆ ಹೋದೆ. ಗುಜರಿಯವನು ಒಂಬತ್ತು ಸಾವಿರ ಅಂದ. ಅವನ ಅಂಗಡಿಯ ಮುಂದೆ ಒಂದು ಟೈರಿನ ಮೇಲೆ ಕೂತು ನಾಲ್ಕು ಗಂಟೆ ಮಾತಾಡಿದೆ. ಮಧ್ಯೆ ಅವನ ಹೆಂಡತಿಯ ಸಕ್ಕರೆ ಕಾಯಿಲೆಗೆ ಯಾವ ಹಿಟ್ಟು ಹೊಂದುತ್ತದೆ ಎಂದೂ ಹೇಳಿದೆ. ‘ಅಕ್ಕಾರ, ನಾಲ್ಕು ಸಾವಿರದ ಇನ್ನೂರಕ್ಕ ಒಯ್ಯರಿ, ಆದ್ರ ಈಗ ಏಳ್ರಿ’ ಅಂದ, ಚಹಾ ಅವನದೇ ಖರ್ಚು. ಹಿಂದಿನ ದೀಪದ ಗಾಜು ಕೊಯಮತ್ತೂರಿನಿಂದ ಕೊರಿಯರ್‌ನಲ್ಲಿ ಬಂತು, ಒಡೆದು ಬಂತು, ವಾಪಸ್ ಕಳಿಸಿದೆ, ಮತ್ತೆ ಒಡೆದು ಬಂತು, ಮೂರನೇ ಸಲ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತು ಕಳಿಸಲು ಹೇಳಿದೆ, ಇಡಿಯಾಗಿ ಬಂತು.

ತಗಡಿನ ಕೆಲಸಕ್ಕೂ ಬಣ್ಣಕ್ಕೂ ಶಿರಾಳಕೊಪ್ಪದ ಚೌಡೇಶನನ್ನು ಹಿಡಿದೆ. ಅಲ್ಲೊಂದು ವಿಷಯ ಹೊರಬಿತ್ತು, ಅದನ್ನು ನಿನಗೆ ಬರೆಯಲೇಬೇಕು. ಎಡಗಡೆಯ ಮುಂದಿನ ಮಡ್‌ಗಾರ್ಡಿನ ಹಳೆ ಬಣ್ಣ ಕೆರೆಯುತ್ತಾ ಹೋದರೆ ಅವನಿಗೆ ತಗಡು ಸಿಗಲೇ ಇಲ್ಲ. ತಗ್ಗು ಮುಚ್ಚಲು ಮೆತ್ತಿದ ಎರಡು ಬೆರಳು ದಪ್ಪದ ಪುಟ್ಟಿ. ಒಡೆದು ತೆಗೆದ. ಒಳಗೆ ತಗಡು ಮುದುಡಿ ಮುಷ್ಟಿಯಂತಾಗಿತ್ತು, ಅದರ ಹಿಂದಿನ ಪಟ್ಟಿಯೂ ಬಾಗಿತ್ತು. ‘ಅಕ್ಕಾ, ಇದು ಸೇತುವೆ ಕಟ್ಟೆಗೋ ಮರಕ್ಕೋ ಹೊಡ್ದಿರೋದು. ಅರವತ್ತರ ಮೇಲಿತ್ತು ಸ್ಪೀಡು’ ಅಂದ. 1995ರಲ್ಲಿ, ನನಗೆ ಇಪ್ಪತ್ತೆರಡು, ಅಪ್ಪ ಗೋವಿನಜೋಳದ ವ್ಯಾಪಾರಕ್ಕೆ ಲಾರಿಯಲ್ಲಿ ರಾಣೆಬೆನ್ನೂರಿಗೆ ಹೋಗಿದ್ದಾಗ ಕಾರಿನ ಮುಂಭಾಗ ಜಜ್ಜಿಹೋಗಿತ್ತು. ಅಪ್ಪ ಬರುವ ಹೊತ್ತಿಗೆ ನೀನು ಪುಟ್ಟಿ ಬಳಿಸಿ ನಿಲ್ಲಿಸಿದ್ದೆ. ‘ರಾಜಿ ಕಣದಾಗೆ ರಿವರ್ಸ್ ತೆಗೆಯಾಕೆ ಹೋಗಿ ಕಂಬಕ್ಕೆ ತಾಗಿಸಿದ್ಲು, ಸಣ್ಣದು’ ಅಂದೆ. ಅಪ್ಪ ನನ್ನನ್ನು ಒಂದು ಮಾತು ಕೇಳಲಿಲ್ಲ, ಕೀಲಿಯನ್ನು ಮಾತ್ರ ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಮುಂದೆ ಹದಿನಾಲ್ಕು ವರ್ಷ, ಅವರು ಸಾಯುವವರೆಗೆ, ಆ ಕೀಲಿ ನನ್ನ ಕೈಗೆ ಬರಲಿಲ್ಲ. ಹಿಂದಕ್ಕೆ ಹೋಗುವವಳು ಮುಂದಿನ ಮಡ್‌ಗಾರ್ಡನ್ನು ಹೇಗೆ ಕಂಬಕ್ಕೆ ಹೊಡೆಯುತ್ತಾಳೆ ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲವೇನೋ, ನೀನು ಗಂಡುಮಗ. ಚೌಡೇಶ ಆ ಮುದುಡಿದ ತಗಡನ್ನು ಬಿಸಾಡಲು ಹೊರಟ. ನಾನು ತೆಗೆದಿಟ್ಟುಕೊಂಡಿದ್ದೇನೆ. ಒಟ್ಟು ಒಂದು ಕಿಲೋ ಎಂಟುನೂರು ಗ್ರಾಂ, ಗಿರಣಿಯ ತಕ್ಕಡಿಯಲ್ಲಿ ತೂಗಿದೆ.

ಕಳೆದ ಕಾರ್ತಿಕ ಸೋಮವಾರ ಕಾರು ಶುರುವಾಯಿತು. ಅಪ್ಪನ ಕಾಲದ ಕಡುನೀಲಿ ಬಣ್ಣವೇ. ಮಾಸ್ತಪ್ಪ ಕೀಲಿಯನ್ನು ನನ್ನ ಕೈಗಿಟ್ಟು ಹಿಂದೆ ಸರಿದ. ಮೊದಲು ಕೆಮ್ಮಿತು, ಆಮೇಲೆ ಹಿಡಿಯಿತು. ಗೋಧಿ ಹಾಕಿಸಲು ಬಂದಿದ್ದವರು, ಗಿರಣಿ ಮುಚ್ಚಿದೆ ಎಂದು ಬೈದುಕೊಂಡು ಹೋಗುತ್ತಿದ್ದವರು, ತಿರುಗಿ ಬಂದು ನಿಂತರು. ಆದರೆ ಓಡಿಸುವುದು ಎಲ್ಲಿ. ಆರ್‌ಸಿ ನಿನ್ನ ಹೆಸರಿನಲ್ಲಿ, ಅದರ ಅವಧಿ ಮುಗಿದು ಕಾಲವಾಗಿದೆ. ನಿನ್ನ ಸಹಿ ಇಲ್ಲದೆ ಅದು ನನ್ನ ಹೆಸರಿಗೆ ಬರುವುದಿಲ್ಲ, ನನ್ನ ಹೆಸರಿಗೆ ಬಾರದೆ ನಾನು ಹೊಸದಾಗಿ ನೋಂದಣಿ ಮಾಡಿಸುವಂತಿಲ್ಲ. ಹಿತ್ತಲಿನಲ್ಲಿ ಮೂವತ್ತೆರಡು ಅಡಿ ಮುಂದಕ್ಕೆ, ಮೂವತ್ತೆರಡು ಅಡಿ ಹಿಂದಕ್ಕೆ. ಐದು ಗೇರಿನ ಕಾರಿಗೆ ನನ್ನ ಹಿತ್ತಲಿನಲ್ಲಿ ಒಂದೂವರೆ ಗೇರು. ಒಂದೇ ಒಂದು ಸಲ, ಬೆಳಗಿನ ಆರು ಗಂಟೆಗೆ, ಶಿರಾಳಕೊಪ್ಪದ ರಸ್ತೆಗೆ ತೆಗೆದೆ. ನಾಲ್ಕು ಕಿಲೋಮೀಟರ್ ಹೋದೆ. ಐದನೇ ಗೇರು ಬಿತ್ತು, ಮುಳ್ಳು ನೂರಹತ್ತು ಮುಟ್ಟಿತು, ಸ್ಟೇರಿಂಗು ನಡುಗಲಿಲ್ಲ. ಅಪ್ಪ ಮಂಡಿಯ ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಯಾಕೆ ಕೂರುತ್ತಿದ್ದರೆಂದು ಆಗ ತಿಳಿಯಿತು. ವಾಪಸ್ ಬಂದು ನಾನೂ ಹಾಗೇ ಕೂತೆ. ಇದನ್ನು ಓದಿ ಪೊಲೀಸರಿಗೆ ಹೇಳುವ ಮನಸ್ಸಾದರೆ ಹೇಳು, ಆದರೆ ಮಾಲೀಕನ ಹೆಸರು ನಿನ್ನದು, ನೋಟಿಸು ನಿನಗೇ ಬರುತ್ತದೆ.

ಆ ಸಹಿ ಕೇಳಿ ಫಾರಂ ಕಳಿಸಿದೆ. ಎಂಟು ದಿನಕ್ಕೆ ಉತ್ತರ ಬಂತು, ಆದರೆ ನನ್ನ ಫಾರಂ ಬರಲಿಲ್ಲ. ನಿನ್ನ ವಕೀಲರು ಬರೆದ ಹಕ್ಕು ಬಿಡುಗಡೆ ಪತ್ರದ ಕರಡು ಬಂತು, ಜೊತೆಗೆ ನಿನ್ನ ಕೈಬರಹದ ಒಂದು ಚೀಟಿ, ‘ಇದಕ್ಕೆ ನೀನು ಸಹಿ ಹಾಕು, ಅದಕ್ಕೆ ನಾನು ಹಾಕ್ತೀನಿ.’ ಅಂದರೆ ಬಳ್ಳಿಗಾವಿಯಲ್ಲಿ ಅಪ್ಪನ ಹೆಸರಿನಲ್ಲೇ ಉಳಿದಿರುವ ನಾಲ್ಕು ಎಕರೆ ಇಪ್ಪತ್ತು ಗುಂಟೆಯಲ್ಲಿ ನನ್ನ ಅರ್ಧವನ್ನು ಬಿಟ್ಟುಕೊಡಬೇಕು, ಆಗ ಕಾರು ರಸ್ತೆಗೆ ಇಳಿಯುತ್ತದೆ. ಇಷ್ಟೇ ಇದ್ದರೆ ವ್ಯಾಪಾರ ಅನ್ನುತ್ತಿದ್ದೆ, ನಾನೂ ವ್ಯಾಪಾರದವಳೇ. ಆದರೆ ಎರಡನೇ ಪುಟ ತಿರುಗಿಸಿದೆ. ‘ಸದರಿ ನನ್ನ ಅಣ್ಣನವರು ಅರಿಶಿನ-ಕುಂಕುಮದ ಬಾಬ್ತು ನನಗೆ ಒಂದು ಮೋಟಾರು ಕಾರನ್ನು ಕೊಟ್ಟಿದ್ದು, ನಾನು ಅದನ್ನು ಸ್ವಸಂತೋಷದಿಂದ ಸ್ವೀಕರಿಸಿ ತೃಪ್ತಳಾಗಿರುತ್ತೇನೆ. ಫೋಟೋ ಲಗತ್ತಿಸಿದೆ.’ ಫೋಟೋದಲ್ಲಿ ನಾನು ಹಣೆಯಲ್ಲಿ ಕುಂಕುಮ, ಬಾಯಲ್ಲಿ ಸೆರಗು, ತೃಪ್ತಳಾಗಿರುತ್ತೇನೆ. ಇಪ್ಪತ್ತು ವರ್ಷ ನನ್ನ ಹಣೆಗೆ ಬೇಡವಾಗಿದ್ದ ಕುಂಕುಮ ನಿನ್ನ ಪತ್ರದ ಎರಡನೇ ಪುಟಕ್ಕೆ ಬೇಕಾಯಿತು. ಅಣ್ಣಾ, ಕಳ್ಳರನ್ನು ಕಂಡಿದ್ದೇನೆ. ಹಿಟ್ಟಿನಲ್ಲಿ ಮುಷ್ಟಿ ಕದಿಯುವವರನ್ನು, ಕರೆಂಟು ಕದಿಯುವವರನ್ನು. ತಂಗಿಯ ಹಣೆಗೆ ಕುಂಕುಮ ಇಡಿಸಿ ರಸೀದಿ ತೆಗೆದುಕೊಂಡವನನ್ನು ನಿನ್ನೊಬ್ಬನನ್ನೇ.

ನಮ್ಮ ಕಡೆ ಆ ಎರಡು ಮಾತಿಗೆ ಎಷ್ಟು ತೂಕವಿದೆ ಎಂಬುದು ನಿನಗೆ ಗೊತ್ತಿತ್ತು, ನಾನು ಮರೆತಿದ್ದೆ. ತವರಿನವರು ಉಡಿ ತುಂಬಿ ಅರಿಶಿನ-ಕುಂಕುಮಕ್ಕೆಂದು ಏನನ್ನಾದರೂ ಕೊಟ್ಟರೆ, ಅದು ಹೊಲವಾಗಲಿ ಹಸುವಾಗಲಿ, ಹೆಣ್ಣುಮಗಳ ಪಾಲು ಮುಗಿಯಿತು ಅಂತ ಊರು ಲೆಕ್ಕ ಮಾಡುತ್ತದೆ. ನೀನು ಆ ಫೋಟೋವನ್ನು ವಕೀಲರಿಗಷ್ಟೇ ಅಲ್ಲ, ನಮ್ಮ ಬಳಗದ ವಾಟ್ಸಾಪ್ ಗುಂಪಿಗೂ ಹಾಕಿದೆ. ಖಾರ ಕುಟ್ಟಿಸಲು ಬಂದ ಲೋಕಮ್ಮ, ಯಾರ ಪಕ್ಷದವಳೂ ಅಲ್ಲದವಳು, ‘ತವರಿನ ಕುಂಕುಮ ಇಸ್ಕೊಂಡ್ ಮೇಲೆ ಮುಗೀತಲ್ಲ ರಾಜಕ್ಕಾ, ಇನ್ನೇನು ಕೇಳ್ತೀಯ’ ಅಂದಳು. ನನ್ನ ಕಡೆಯ ವಕೀಲರನ್ನು ಕೇಳಿದರೆ ಕಾನೂನಿನಲ್ಲಿ ಅದಕ್ಕೆ ಕಾಸಿನ ಬೆಲೆ ಇಲ್ಲ, ನಾನು ಸಹಿ ಹಾಕಿ ನೋಂದಾಯಿಸಿದರೆ ಮಾತ್ರ ನನ್ನ ಪಾಲು ಹೋಗುತ್ತದೆ ಅಂದರು. ಆದರೆ ನಾನು ಬದುಕುವುದು ಕಾನೂನಿನಲ್ಲಲ್ಲ, ಗಿರಣಿಯ ಮುಂದಿನ ಸಾಲಿನಲ್ಲಿ. ಇನ್ನೊಂದು ಕಡೆಯಿಂದ ನೋಡು. ನೀನು ಕಾರು ಕೊಟ್ಟದ್ದು ನಿಜವಾದರೆ, ಸಹಿ ಹಾಕಲು ನನ್ನ ಹೊಲ ಯಾಕೆ ಬೇಕು? ಸಹಿ ಹಾಕದೆ ಹಿಡಿದುಕೊಂಡಿರುವುದು ನಿಜವಾದರೆ, ಕೊಟ್ಟದ್ದೆಲ್ಲಿ ಬಂತು? ಕೊಟ್ಟ ಕಾರಿಗೆ ಕಾಗದವಿಲ್ಲ, ಕಾಗದವಿರುವ ಕಾರನ್ನು ಕೊಟ್ಟಿಲ್ಲ. ನೀನು ಕೊಟ್ಟದ್ದು ಆ ದಿನ ಬಾನೆಟ್ ಮೇಲಿದ್ದ ತೆಂಗಿನಕಾಯಿ ಒಂದನ್ನೇ, ಅದು ಚಟ್ನಿಯಾಯಿತು.

ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ದಿನ ಆ ಕರಡನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟುಕೊಂಡು ಕೂತಿದ್ದೆ. ನನಗೆ ಮಕ್ಕಳಿಲ್ಲ, ಆ ಹೊಲದಲ್ಲಿ ನಾನು ಉಳುವುದಿಲ್ಲ ಬಿತ್ತುವುದಿಲ್ಲ, ವರ್ಷಕ್ಕೊಮ್ಮೆ ಹೋಗಿ ಬದುವಿನ ಮೇಲೆ ನಿಂತು ಬರುತ್ತೇನೆ. ಕಾರಿನಲ್ಲಿ ನಾನು ದಿನಾ ಕೂರಬಹುದು. ಸಹಿ ಹಾಕಿದರೆ ನಾಳೆಯೇ ಶಿವಮೊಗ್ಗಕ್ಕೆ ನಲವತ್ತು ನಿಮಿಷ. ಮಾಸ್ತಪ್ಪನನ್ನು ಕೇಳಿದೆ. ಅವನು ಚಕ್ರದ ನಟ್ಟು ಬಿಗಿಯುತ್ತಾ, ಮುಖ ಎತ್ತದೆ, ‘ಹೊಲ ಓಡಲ್ಲ ರಾಜವ್ವಾ, ಕಾರು ಓಡ್ತದೆ. ಆದ್ರೆ ಹೊಲನ ಯಾರೂ ಕೊಟ್ಟಿಗ್ಯಾಗೆ ಕೊಳೆಸಾಕಾಗಲ್ಲ’ ಅಂದ. ಅವನ ಅರವತ್ತು ಸಾವಿರ ಕೂಲಿಯಲ್ಲಿ ಐವತ್ತೈದು ಕಾರಿನ ಕೆಲಸಕ್ಕೆ, ಉಳಿದ ಐದು ಆ ಒಂದು ಮಾತಿಗೆ ಎಂದು ಬರೆದುಕೊಂಡಿದ್ದೇನೆ.

ಇನ್ನು ಸಂಕ್ರಾಂತಿಗೆ ಮೂರೇ ದಿನ. ಎಳ್ಳು-ಬೆಲ್ಲ ತಿಂದರೆ ಒಳ್ಳೆಯ ಮಾತಾಡಬೇಕಾಗುತ್ತದೆ, ಅದಕ್ಕೇ ಈ ಕಾಗದವನ್ನು ಇವತ್ತೇ ಮುಗಿಸುತ್ತಿದ್ದೇನೆ. ಅಶ್ವಿನಿಗೆ, ಅವಳ ಗಂಡನಿಗೆ ನನ್ನ ಆಶೀರ್ವಾದ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅಶ್ವಿನಿಗೆ ಈ ಕಾಗದ ಓದಲು ಕೊಡು, ನೀನು ಕೊಡುವುದಿಲ್ಲ, ಆದರೂ ಕೊಡು. ಅವಳೂ ಒಬ್ಬನ ತಂಗಿ. ಅತ್ತಿಗೆಯನ್ನು ಬೈಯಬೇಡ, ಅಂದು ಕುಂಕುಮದ ಬೆರಳು ಹಿಂಜರಿದು ನಿಂತದ್ದು ಅವರೊಬ್ಬರದೇ, ಅಷ್ಟರ ಮಟ್ಟಿಗೆ ಅವರು ಪ್ರಾಮಾಣಿಕರು. ಗುಳಿಗೆ ಹೊತ್ತಿಗೆ ಸರಿಯಾಗಿ ತಗೋ, ಫಿಸಿಯೋಥೆರಪಿ ತಪ್ಪಿಸಬೇಡ. ದೇವರು ನಿನಗೆ ಆಯಸ್ಸು ಕೊಡಲಿ, ಬುದ್ಧಿಯ ವಿಷಯ ಅವನಿಗೇ ಬಿಟ್ಟಿದ್ದೇನೆ.

ನಿನ್ನ ಒಬ್ಬಳೇ ತಂಗಿ,
ರಾಜೇಶ್ವರಮ್ಮ

ತಾ.ಕ.: ಸ್ಪೀಡ್ ಪೋಸ್ಟಿನ ಕೌಂಟರ್ ಮೂರು ಗಂಟೆಗೆ ಮುಚ್ಚುತ್ತದೆ, ಈಗ ಎರಡೂವರೆ. ಬರೆಯಬೇಕಾದದ್ದು ಇದು. ನಾನು ಹಕ್ಕು ಬಿಡುಗಡೆಗೆ ಸಹಿ ಹಾಕುವುದಿಲ್ಲ. ನಾಡಿದ್ದು ಬುಧವಾರ ಬೆಳಿಗ್ಗೆ ಕಾರನ್ನು ಲಾರಿಯ ಮೇಲೆ ಹಾಕಿಸಿ ಸೊರಬಕ್ಕೆ ತಂದು, ನಿನ್ನ ಮನೆಯ ಮುಂದೆ ಇಳಿಸುತ್ತೇನೆ. ಡ್ರೈವರ್ ಸೀಟಿನ ಮೇಲೆ ತಟ್ಟೆ ಇರುತ್ತದೆ, ಹೊಸ ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಎಲೆ-ಅಡಿಕೆ, ಅಕ್ಕಿ, ಅರಿಶಿನ, ಕುಂಕುಮ. ತವರಿನ ಅರಿಶಿನ-ಕುಂಕುಮವನ್ನು ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ, ಹಾಗೆ ಮಾಡಿದವಳಿಗೆ ತವರಿನ ಬಾಗಿಲು ಮುಚ್ಚಿತು ಅನ್ನುತ್ತಾರೆ, ಗೊತ್ತು. ಗೊತ್ತಿದ್ದೇ ಕೊಡುತ್ತಿದ್ದೇನೆ. ಓಣಿಯ ನಾಲ್ಕು ಜನರನ್ನು ಕರೆದು ಅವರೆದುರಿಗೆ ಕೊಡುತ್ತೇನೆ, ಅತ್ತಿಗೆಯಿಂದ ಮುಟ್ಟಿತೆಂದು ಸಹಿ ತಗೊಳ್ಳುತ್ತೇನೆ. ಐದು ಲಕ್ಷ ನಲವತ್ತಾರು ಸಾವಿರದ ಏಳುನೂರನ್ನು ಕೇಳುವುದಿಲ್ಲ. ಎಂಜಿನ್ನಿಗೆ ಮೂರು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸು, ಎಮ್ಮೆ ಕಟ್ಟಬೇಡ. ಇನ್ನೊಂದು, ಬಳ್ಳಿಗಾವಿಯ ಪಹಣಿಯನ್ನು ನಿನ್ನೊಬ್ಬನ ಹೆಸರಿಗೆ ಮಾಡಿಸಲು ನೀನು ಕೊಟ್ಟ ಅರ್ಜಿಗೆ ಕಳೆದ ಶುಕ್ರವಾರ ನಾನು ತಕರಾರು ಹಾಕಿದ್ದೇನೆ. ಇದೇ 30ನೇ ತಾರೀಖು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿಕಾರಿಪುರದ ತಾಲೂಕು ಕಚೇರಿಯಲ್ಲಿ ವಿಚಾರಣೆ, ಮೊದಲ ಮಹಡಿ, ನಿಧಾನ ಹತ್ತು. ಕಾಂಟೆಸ್ಸಾದಲ್ಲಿ ಬರಬೇಡ, ಅದಕ್ಕೆ ಇನ್ನೂ ನೋಂದಣಿಯಿಲ್ಲ, ಬಸ್ಸಿನಲ್ಲಿ ಬಾ. ಯಾರಿಗೆ ಏನು ದಕ್ಕಿತು ಅನ್ನುವುದನ್ನೂ ಬರೆದು ಮುಗಿಸುತ್ತೇನೆ. ಮಾಸ್ತಪ್ಪನಿಗೆ ಅರವತ್ತು ಸಾವಿರ. ಚೌಡೇಶನಿಗೆ ತಗಡಿನ ಕೂಲಿ, ಬಣ್ಣದ ಕೂಲಿ, ಕಾರು ನೋಡಿ ಬಂದ ಮೂರು ಹೊಸ ಗಿರಾಕಿಗಳು. ಅತ್ತಿಗೆಗೆ ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಬಟ್ಟೆ. ನಿನಗೆ ನೂರಹತ್ತರಲ್ಲಿ ನಡುಗದ ಕಡುನೀಲಿ ಕಾಂಟೆಸ್ಸಾ. ನನಗೆ ಎರಡು ಎಕರೆ ಹತ್ತು ಗುಂಟೆ.